ಸೋಯಾ ಫೀಡ್ ಸಿಗಡಿಗೆ ಯಾವ ಮೆಥಿಯೋನಿನ್?

ಮೀನಿನ ಪುಡಿ ತಗ್ಗಿಸಿ ಸೋಯಾ ಹಿಂಡಿ ಜಾಸ್ತಿ ಹಾಕಿದರೆ, ವನಾಮಿ ಸಿಗಡಿಗೆ ಸಾಮಾನ್ಯವಾಗಿ ಮೊದಲು ಕೊರತೆ ಬೀಳುವುದು ಮೆಥಿಯೋನಿನ್ ಎಂಬ ಅಮೈನೋ ಆಮ್ಲ. ಆಯ್ಕೆ ಮುಖ್ಯವಾಗಿ ಎರಡು.

ಸಾದಾ ಡಿಎಲ್-ಮೆಥಿಯೋನಿನ್ ಅಗ್ಗ. ಕೋಳಿಗಾದರೆ ಇದೇ ಸಾಕು. ಸಿಗಡಿ ಹಾಗಲ್ಲ, ಫೀಡ್ ಕಾಳನ್ನು ಹಿಡಿದುಕೊಂಡು ನಿಧಾನವಾಗಿ ಕೆರೆದು ತಿನ್ನುತ್ತದೆ. ಅಷ್ಟರಲ್ಲಿ ಒಂದಷ್ಟು ನೀರುಪಾಲು. ಎರಡು ಮೆಥಿಯೋನಿನ್ ಜೋಡಿಸಿ ಮಾಡಿದ ಡೈಪೆಪ್ಟೈಡ್ ಅಷ್ಟು ಬೇಗ ಕರಗುವುದಿಲ್ಲ. ಬೆಲೆ ಜಾಸ್ತಿ, ನಿಜ. ಆದರೆ ಹೊಟ್ಟೆಗೆ ಸೇರಿದ್ದಷ್ಟೇ ಲೆಕ್ಕ, ಅಲ್ವಾ? ಸೋಯಾವೇ ಹೆಚ್ಚಿದ್ದರೆ ನನ್ನ ಓಟು ಇದಕ್ಕೆ. ಮೀನಿನ ಪುಡಿ ಇನ್ನೂ ಚೆನ್ನಾಗಿಯೇ ಇದ್ದರೆ ಸಾದಾದ್ದು ಸಾಕು, ಕಾಳನ್ನು ನೀರಲ್ಲಿ ಒಡೆಯದಂತೆ ಹಿಡಿದಿಡುವ ಅಂಟು, ಅಂದರೆ ಬೈಂಡರ್ ಮಾತ್ರ ಗಟ್ಟಿ ಇರಲಿ.

ಇನ್ನು ರಂಜಕ (ಫಾಸ್ಫರಸ್). ಸೋಯಾದಲ್ಲಿರುವ ರಂಜಕ ಬಹುಪಾಲು ಫೈಟೇಟ್ ಎಂಬ ಸಂಯುಕ್ತದಲ್ಲಿ ಸಿಕ್ಕಿಕೊಂಡಿರುತ್ತದೆ, ಸಿಗಡಿಗೆ ದಕ್ಕದು. ಹೊರಗಿಂದ ಕೊಡುವಾಗ ಡೈಕ್ಯಾಲ್ಸಿಯಂ ಫಾಸ್ಫೇಟ್‌ಗಿಂತ ಮೊನೊಕ್ಯಾಲ್ಸಿಯಂ ವಾಸಿ, ಚೆನ್ನಾಗಿ ಜೀರ್ಣವಾಗುತ್ತದೆ. ಜೀರ್ಣವಾಗದೆ ಉಳಿದದ್ದು ಕೊಳದಲ್ಲಿ ಪಾಚಿ ಬೆಳೆಸುತ್ತದೆ. ಫೈಟೇಟ್ ಒಡೆದು ರಂಜಕ ಬಿಡಿಸುವ ಫೈಟೇಸ್ ಕಿಣ್ವವೂ ಇದೆ. ಬಿಸಿ ತಡೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಇಲ್ಲದಿದ್ದರೆ ಪೆಲೆಟ್ ಯಂತ್ರದ ಶಾಖಕ್ಕೆ ಕೆಡುತ್ತದೆ.

ಕೊಲೆಸ್ಟರಾಲ್ ವಿಷಯದಲ್ಲಿ ಆಯ್ಕೆಯೇ ಇಲ್ಲ, ಫೀಡ್‌ನಲ್ಲಿ ಕೊಡಲೇಬೇಕು. ಸಿಗಡಿ ಅದನ್ನು ತಾನೇ ತಯಾರಿಸಿಕೊಳ್ಳಲಾರದು, ಸೋಯಾದಲ್ಲಿ ಅದು ಇಲ್ಲವೇ ಇಲ್ಲ.