ಆಂಟಿವೈರಸ್ ಎದ್ದೇಳದಿದ್ದರೆ: ನಾನು ನೋಡಿದ ಮೂರು ದಾರಿ

ಅಡಿಕೆ ಲೆಕ್ಕ ಬರೆಯುವ ನಮ್ಮನೆ ಲ್ಯಾಪ್‌ಟಾಪಿಗೆ ಮಳೆಗಾಲ ಶುರುವಾದ ಮೇಲೆ ಒಂದು ರೋಗ ಬಂತು. ಆನ್ ಮಾಡಿ ಒಂದು ಲೋಟ ಕಷಾಯ ಕುಡಿದು ಬಂದರೂ ಗಡಿಯಾರದ ಪಕ್ಕದ ಆಂಟಿವೈರಸ್ ಗುರುತಿನ ಮೇಲೆ ಕೆಂಪು ಗೀಟು. ಕ್ಲಿಕ್ ಮಾಡಿದರೆ ‘ರಕ್ಷಣೆ ಆಫ್ ಆಗಿದೆ’ ಅನ್ನುತ್ತದೆ. ಸರಿಪಡಿಸು ಅಂತ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ದುಡ್ಡು ಕೊಟ್ಟು ತಗೊಂಡದ್ದು ಬೇರೆ. ಹೆಸರು ಬೇಡ ಬಿಡಿ.

ಮೊದಲು ಎಲ್ಲರೂ ಹೇಳುವುದನ್ನೇ ಮಾಡಿದೆ: ತೆಗೆದು ಮತ್ತೆ ಹಾಕಿದೆ. ಶಿರಸಿ ಪೇಟೆಯಲ್ಲಿ ಕೇಳಿದರೂ ಇದೇ, ಸಹಾಯವಾಣಿಗೆ ಫೋನ್ ಮಾಡಿದರೂ ಇದೇ. ನಮ್ಮೂರಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸುವಷ್ಟರಲ್ಲಿ ಅರ್ಧ ದಿನ ಹಾಳು. ಎರಡು ದಿನ ನೆಟ್ಟಗಿತ್ತು, ಮೂರನೇ ದಿನ ಮತ್ತೆ ಕೆಂಪು.

ಎರಡನೆಯದು ಪುಕ್ಕಟೆ. ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟು ನೋಡಿದೆ. ಗುರುತು ಹಸಿರಾಯಿತು! ಎರಡೂ ಒಂದೇ ಅಂದುಕೊಂಡಿದ್ದೆ, ನೀವೂ ಹಾಗೇ ಅಲ್ವಾ? ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ನಮ್ಮ ಪ್ರೋಗ್ರಾಂಗಳೇನೋ ಮುಚ್ಚುತ್ತವೆ, ಆದರೆ ಕರ್ನಲ್ (ವಿಂಡೋಸಿನ ಒಳತಿರುಳು) ಮತ್ತು ಡ್ರೈವರ್‌ಗಳ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂಗಳು) ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ನಿನ್ನೆ ಬಿದ್ದ ಗಂಟು ಇವತ್ತೂ ಹಾಗೇ. ರೀಸ್ಟಾರ್ಟ್ ಎಲ್ಲವನ್ನೂ ಹೊಸದಾಗಿ ಎಬ್ಬಿಸುತ್ತದೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಅದರ ಟಿಕ್ ತೆಗೆದೆ. ಆನ್ ಆಗುವುದು ಸ್ವಲ್ಪ ನಿಧಾನವಾಯಿತು, ಆದರೆ ಕೆಂಪು ಗೀಟು ವಾರಕ್ಕೊಮ್ಮೆಗೆ ಇಳಿಯಿತು.

ಆ ಒಂದು ದಿನ ಯಾಕೆ ಅಂತ ತಲೆ ಕೆಡಿಸಿಕೊಂಡಾಗ ಸಿಕ್ಕಿದ್ದು ಮೂರನೇ ದಾರಿ. ವಿಂಡೋಸ್ ಸೆಕ್ಯೂರಿಟಿಯ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ತೆರೆದರೆ ಎರಡು ಆಂಟಿವೈರಸ್ ಹೆಸರು! ಲ್ಯಾಪ್‌ಟಾಪ್ ಜೊತೆ ಟ್ರಯಲ್ ಅಂತ ಬಂದದ್ದನ್ನು ನಾನು ಯಾವತ್ತೋ ತೆಗೆದಿದ್ದೆ. ತೋಟದ ಕಳೆಯನ್ನು ಮೇಲಿಂದ ಸವರಿದ ಹಾಗೆ, ಬೇರು ಒಳಗೇ ಇತ್ತು, ಅದೇ ಹೊಸದರ ಕಾಲಿಗೆ ತೊಡರುತ್ತಿತ್ತು. ಆ ಕಂಪನಿಯ ರಿಮೂವಲ್ ಟೂಲ್ ಇಳಿಸಿ ಸೇಫ್ ಮೋಡ್‌ನಲ್ಲಿ, ಅಂದರೆ ವಿಂಡೋಸ್ ತೀರಾ ಬೇಕಾದ್ದನ್ನಷ್ಟೇ ಎಬ್ಬಿಸುವ ಸ್ಥಿತಿಯಲ್ಲಿ, ಓಡಿಸಿದೆ. ಅಲ್ಲಿಗೆ ಕಾಟ ನಿಂತಿತು. ಆಮೇಲೆ, ಸುಮ್ನೆ ನೋಡೋಣ ಅಂತ, ದುಡ್ಡಿನದ್ದನ್ನೂ ತೆಗೆದೆ. ವಿಂಡೋಸಿನದೇ ಆಂಟಿವೈರಸ್ ಡಿಫೆಂಡರ್ ತಾನಾಗಿ ಆನ್ ಆಯಿತು. ಪೂರ್ತಿ ಸ್ಕ್ಯಾನ್ ಮಾಡುವಾಗ ನನ್ನ ಹಳೇ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತದೆ, ಅದೊಂದು ಬಿಟ್ಟರೆ ತಕರಾರಿಲ್ಲ. ಮನೆ ಲೆಕ್ಕಕ್ಕೆ ಇಷ್ಟು ಸಾಕು ಅನ್ನುವುದು ನನ್ನ ಮತ.

ಇದೇ ಜಂಬದಲ್ಲಿ ದೇವಿಮನೆ ಘಾಟಿ ಇಳಿದು ಕುಮಟಾದ ಭಾವನ ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲೂ ಅದೇ ಕೆಂಪು ಗೀಟು. ಮೂರು ಮದ್ದೂ ನಾಟಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಮೂಲೆಯ ತಾರೀಕು: 2016, ಜನವರಿ 1. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ, ಮದರ್‌ಬೋರ್ಡಿನ (ಕಂಪ್ಯೂಟರಿನ ಮುಖ್ಯ ಹಲಗೆ) ಬಟನ್ ಸೆಲ್ ಸತ್ತಿತ್ತು. ಕರೆಂಟ್ ಹೋದಾಗೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತಿತ್ತು, ಲೈಸೆನ್ಸ್ ತಾಳೆಯಾಗದೆ ಆಂಟಿವೈರಸ್ ಮುನಿಸಿಕೊಳ್ಳುತ್ತಿತ್ತು. ನೆಟ್ ಸಿಕ್ಕ ಮೇಲೆ ತಾರೀಕು ತಾನೇ ಸರಿಹೋಗುವುದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಹೊಸ ಸಿಆರ್2032 ಸೆಲ್ಲಿಗೆ ಹೋದದ್ದು ಎರಡು ಪ್ಲೇಟ್ ಬನ್ಸಿನ ದುಡ್ಡು.

ಭಾವ ಮಾತ್ರ ಡಿಫೆಂಡರ್‌ಗೆ ಒಪ್ಪಲಿಲ್ಲ. ದಿನಾ ಹತ್ತಾರು ಜನ ಪೆನ್‌ಡ್ರೈವ್ ಚುಚ್ಚುವ ಅಂಗಡಿ, ದುಡ್ಡು ಕೊಟ್ಟದ್ದೇ ಗಟ್ಟಿ ಅಂತಾನೆ. ನನ್ನ ಲೈಸೆನ್ಸಿನಲ್ಲಿ ಇನ್ನೂ ಏಳು ತಿಂಗಳು ಬಾಕಿ ಇತ್ತು, ಅದನ್ನು ಅವನಿಗೇ ಹಾಕಿಕೊಟ್ಟು ಬಂದೆ.