ಬಿಟ್ಟುಹೋದ ನಾಯಿಗೆ ದುಡ್ಡು ಕೊಡೋದಾ, ಮನೆಯಲ್ಲಿ ಜಾಗ ಕೊಡೋದಾ?

ಕಾಸರಗೋಡಿನ ಕುಂಬಳೆ, ಉಪ್ಪಳ ಕಡೆ ನಾಯಿಮರಿಗಳನ್ನು ಗೋಣಿಯಲ್ಲಿ ತಂದು ಬಿಟ್ಟುಹೋಗುವವರಿದ್ದಾರೆ. ಅವನ್ನು ಎತ್ತಿಕೊಂಡು ಸಾಕುವ ಸಂಸ್ಥೆಗೆ ನೆರವಾಗಬೇಕು ಅಂತಿದ್ದೀರಾ?

ಗಲ್ಫಿನಲ್ಲಿದ್ದರೆ ದುಡ್ಡೇ ಸರಿ. ಒಮ್ಮೆಗೇ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಸ್ವಲ್ಪ ಕೊಡಿ. ಊಟ, ಲಸಿಕೆಯ ಖರ್ಚು ನಿಲ್ಲುವುದೇ ಇಲ್ಲ ಅಲ್ವಾ? ರಸೀದಿ ಕೇಳಿ.

ಊರಲ್ಲೇ ಇದ್ದು, ಹಗಲು ಮನೆಯಲ್ಲಿ ಯಾರಾದರೂ ಇದ್ದರೆ, ಒಂದು ಮರಿಯನ್ನು ಕೆಲವು ವಾರ ಸಾಕಿಕೊಡಿ. ನನ್ನ ಪ್ರಕಾರ ಇದೇ ದೊಡ್ಡ ನೆರವು. ಸಂಸ್ಥೆಯ ತುಂಬಿದ ಶೆಡ್ಡಿನಲ್ಲಿ ಪಾರ್ವೋ ಅನ್ನೋ ವೈರಸ್ ರೋಗ ಬೇಗ ಹರಡುತ್ತದೆ. ರಕ್ತಭೇದಿಯಾಗಿ ಮರಿಗಳು ಸಾಯುತ್ತವೆ. ಮನೆಯಲ್ಲಿ ಬೆಳೆದ ಮರಿಗೆ ಮಿಕ್ಸಿ ಸದ್ದು, ಮಕ್ಕಳ ಗಲಾಟೆ ಎಲ್ಲ ರೂಢಿಯಾಗುತ್ತದೆ. ಅಂಥದ್ದನ್ನು ಜನ ಖುಷಿಯಿಂದ ಒಯ್ಯುತ್ತಾರೆ.

ನಿಮ್ಮ ನಾಯಿಗೆ ಲಸಿಕೆ ಆಗಿಲ್ಲದಿದ್ದರೆ ಮಾತ್ರ ಮರಿ ತರಬೇಡಿ. ಮರಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.