ಮಂಜಿನ ಬೆಟ್ಟಗಳಿಗೆ ಡಿ-76, ರೋಡಿನಾಲ್ ಸ್ಟ್ಯಾಂಡ್ ಅಲ್ಲ

ಮಂಜು ಕವಿದ ಬೆಟ್ಟ, ಮೋಡ ಮುಚ್ಚಿದ ಬಯಲು. ಇಂಥ ಕಾಂಟ್ರಾಸ್ಟ್ (ಬೆಳಕು-ನೆರಳಿನ ಅಂತರ) ಕಡಿಮೆ ಇರುವ ದೃಶ್ಯಗಳಿಗೆ ನನ್ನ ಆಯ್ಕೆ ಡಿ-76 ಎಂಬ ಡೆವಲಪರ್, ಅಂದರೆ ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ. ಅದರ ಪುಡಿ ಕಲಸಿದ ಮೂಲ ದ್ರಾವಣಕ್ಕೆ (ಸ್ಟಾಕ್) ಅಷ್ಟೇ ನೀರು ಬೆರೆಸಿ, ಡೆವಲಪ್ ಮಾಡುವ ಸಮಯವನ್ನು ಕಾಲು ಭಾಗ ಹೆಚ್ಚಿಸುತ್ತೇನೆ. ಫಿಲ್ಮ್ 35 ಎಂಎಂ ಎಫ್‌ಪಿ4 ಪ್ಲಸ್. ಅದೇ ಫಿಲ್ಮನ್ನು ಎಚ್‌ಸಿ-110 ಎಂಬ ಇನ್ನೊಂದು ಡೆವಲಪರ್‌ನಲ್ಲೂ, ರೋಡಿನಾಲ್ ಎಂಬ ಮತ್ತೊಂದರಲ್ಲಿ ಸ್ಟ್ಯಾಂಡ್ ವಿಧಾನದಲ್ಲೂ ಮಾಡಿ ನೋಡಿದ್ದೇನೆ.

ಮೊದಲು ರೋಡಿನಾಲ್ ವಿಷಯ. ಸ್ಟ್ಯಾಂಡ್ ಅಂದರೆ 1+100 ಮಿಶ್ರಣದಲ್ಲಿ (ಒಂದು ಪಾಲು ಡೆವಲಪರ್‌ಗೆ ನೂರು ಪಾಲು ನೀರು) ಫಿಲ್ಮ್ ಹಾಕಿ, ಶುರುವಿನಲ್ಲಿ ಸ್ವಲ್ಪ ಅಲುಗಿಸಿ, ಒಂದು ಗಂಟೆ ಸುಮ್ನೆ ಬಿಡುವುದು. ಕೆಲಸ ಸುಲಭ, ಅದಕ್ಕೇ ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಒಳಗೆ ಏನಾಗುತ್ತದೆ ನೋಡಿ. ಜಾಸ್ತಿ ಬೆಳಕು ಬಿದ್ದ ಕಡೆ ಡೆವಲಪರ್ ಬೇಗ ಸುಸ್ತಾಗುತ್ತದೆ, ನೆರಳಿನ ಕಡೆ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಅಂದರೆ ಬೆಳಕು-ನೆರಳಿನ ಅಂತರ ಕಿರಿದಾಗುತ್ತದೆ. ಸುಡುಬಿಸಿಲಿನ ದೃಶ್ಯಕ್ಕೆ ಅದು ವರ. ಮಂಜಿನಲ್ಲಿ ಇರುವುದೇ ಚೂರು ಅಂತರ, ಅದನ್ನೂ ತಿಂದುಹಾಕಿದರೆ ಹೇಗೆ?

ಅದಕ್ಕಿಂತ ದೊಡ್ಡ ತಲೆನೋವು ಪಟ್ಟೆಗಳದ್ದು. ಡೆವಲಪ್ ಆಗುವಾಗ ಫಿಲ್ಮ್‌ನಿಂದ ಬ್ರೋಮೈಡ್ ಬಿಡುಗಡೆಯಾಗುತ್ತದೆ. ಅದು ಡೆವಲಪರ್ ಕೆಲಸವನ್ನು ತಡೆಯುತ್ತದೆ. ಟ್ಯಾಂಕ್ ಅಲುಗಿಸದಿದ್ದರೆ ಅದು ಫಿಲ್ಮ್ ಮೇಲೇ ಕೆಳಗಿಳಿಯುತ್ತದೆ, ಇಳಿದ ಜಾಡು ಉಳಿಯುತ್ತದೆ. ನನ್ನ ನೆಗೆಟಿವ್‌ಗಳಲ್ಲಿ ಅಂಚಿನ ತೂತುಗಳ ಸಾಲಿಗೆ ಸರಿಯಾಗಿ ಆಕಾಶದಲ್ಲಿ ಉದ್ದುದ್ದ ಪಟ್ಟೆಗಳು ಬಂದಿದ್ದವು. ಮರ, ಪೊದೆ, ಕಲ್ಲು ತುಂಬಿದ ಚಿತ್ರದಲ್ಲಿ ಇವು ಕಣ್ಣಿಗೆ ಬೀಳುವುದೇ ಇಲ್ಲ. ಮಂಜಿನ ಚಿತ್ರದಲ್ಲಿ ಮುಕ್ಕಾಲು ಭಾಗ ಒಂದೇ ಸಮನಾದ ಬೂದು. ಅಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಮೇಲಾಗಿ ನೆಗೆಟಿವ್ ಸಪ್ಪೆಯಾದ್ದರಿಂದ ಗಟ್ಟಿ ಗ್ರೇಡ್‌ನಲ್ಲಿ, ಅಂದರೆ ಕಾಂಟ್ರಾಸ್ಟ್ ಹೆಚ್ಚಿಸಿ, ಪ್ರಿಂಟ್ ಮಾಡಬೇಕು. ಗ್ರೇಡ್ ಏರಿಸಿದ ಹಾಗೆಲ್ಲ ಪಟ್ಟೆಯೂ ಏರುತ್ತದೆ, ಗ್ರೇನೂ (ಚಿತ್ರದಲ್ಲಿ ಕಾಣುವ ಕಣಗಳು) ಏರುತ್ತದೆ. ಅರ್ಧ ಗಂಟೆಗೆ ಒಮ್ಮೆ ಟ್ಯಾಂಕ್ ಮಗುಚಿದರೆ ಪಟ್ಟೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ದೋಷ ರೋಡಿನಾಲ್‌ನದ್ದಲ್ಲ, ಆ ವಿಧಾನದ್ದು. 1+50ರಲ್ಲಿ ನಿಮಿಷಕ್ಕೊಮ್ಮೆ ಅಲುಗಿಸಿ ಮಾಡಿದರೆ ಅದೂ ಒಳ್ಳೆಯ ಡೆವಲಪರ್, ಗ್ರೇನ್ ಮಾತ್ರ ಎದ್ದು ಕಾಣುತ್ತದೆ.

ಎಚ್‌ಸಿ-110 ಬಗ್ಗೆ ದೂರಿಲ್ಲ. ಎಫ್‌ಪಿ4ಗೆ ಬಿ ಮಿಶ್ರಣದಲ್ಲಿ (1+31) 9 ನಿಮಿಷ, ಅದನ್ನು ಹೆಚ್ಚಿಸಲು ಜಾಗವಿದೆ. ಎಚ್‌ಪಿ5 ಪ್ಲಸ್ ಎಂಬ ಇನ್ನೊಂದು ಫಿಲ್ಮ್‌ಗಾದರೆ ಬರೀ 5 ನಿಮಿಷ. ಅಷ್ಟು ಕಡಿಮೆ ಸಮಯದಲ್ಲಿ ಅರ್ಧ ನಿಮಿಷ ಆಚೀಚೆಯಾದರೂ ಕಾಂಟ್ರಾಸ್ಟ್ ಬದಲಾಗುತ್ತದೆ.

ಇನ್ನು ಡಿ-76. ಎಫ್‌ಪಿ4ಗೆ 1+1ರಲ್ಲಿ, 20 ಡಿಗ್ರಿ ಸೆಲ್ಸಿಯಸ್‌ಗೆ, ಮಾಮೂಲಿ ಸಮಯ 11 ನಿಮಿಷ. ನಾನು 13 ಮುಕ್ಕಾಲು ನಿಮಿಷ ಕೊಡುತ್ತೇನೆ. ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ಮಗುಚುತ್ತೇನೆ. ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಅಂಕಿ ಹಾಕಿದ ಜೋನ್‌ಗಳಾಗಿ ಲೆಕ್ಕ ಹಾಕುವ ಜೋನ್ ಸಿಸ್ಟಮ್ ಬಳಸುವವರು ಇದನ್ನೇ ಎನ್ ಪ್ಲಸ್ ಒಂದು ಅನ್ನುತ್ತಾರೆ. ಒಂದು ಉದಾಹರಣೆ ಕೊಡ್ತೀನಿ. ಹತ್ತಿರದ ಕಪ್ಪು ಮರಕ್ಕೂ ದೂರದ ಬೆಳ್ಳನೆ ಮಂಜಿಗೂ ಬೆಳಕಿನ ಮೀಟರ್‌ನಲ್ಲಿ ಮೂರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ) ಅಂತರ ಬಂತು ಅಂದುಕೊಳ್ಳಿ. ಮರವನ್ನು ಮೂರನೇ ಜೋನ್‌ನಲ್ಲಿಟ್ಟರೆ ಮಂಜು ಆರಕ್ಕೆ ಬೀಳುತ್ತದೆ. ಹೆಚ್ಚುವರಿ ಸಮಯ ಅದನ್ನು ಏಳಕ್ಕೆ ತಳ್ಳುತ್ತದೆ, ಮರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮಂಜು ಆಗ ಬೂದು ಗೋಡೆಯಂತೆ ಕಾಣದೆ ಬೆಳಗುತ್ತದೆ. ಆಕಾಶ ಸಮವಾಗಿ ಬರುತ್ತದೆ, ಒಂದು ಪಟ್ಟೆಯೂ ಇಲ್ಲ. ಮಾಮೂಲಿ ಎರಡನೇ ಗ್ರೇಡ್‌ನಲ್ಲೇ ಪ್ರಿಂಟ್ ಆಗುತ್ತದೆ.

ಡಿ-76 ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ತಣಿಸಬೇಕು, ಅದೊಂದು ರಗಳೆ. ಕಲಸಿದ ಸ್ಟಾಕ್ ತುಂಬಿದ ಬಾಟಲಿಯಲ್ಲಿ ಆರು ತಿಂಗಳು ಬಾಳುತ್ತದೆ. ರೋಲ್‌ಗಳನ್ನು ಒಟ್ಟು ಮಾಡಿಕೊಂಡು ಒಂದೇ ದಿನ ಕೂರುವುದು ನನ್ನ ಅಭ್ಯಾಸ, ಹಾಗಾಗಿ ಪುಡಿಯೇ ಅಗ್ಗ, ಹಾಳೂ ಆಗುವುದಿಲ್ಲ. ಯಾವಾಗಲೋ ಒಂದು ರೋಲ್ ಮಾಡುವವರು ಎಚ್‌ಸಿ-110 ತಗೊಳ್ಳಿ, ಅದು ದ್ರವರೂಪದಲ್ಲೇ ಬರುತ್ತದೆ, ಬೇಕಾದಷ್ಟೇ ಬೆರೆಸಿಕೊಳ್ಳಬಹುದು. ಯಾವುದನ್ನು ಹಿಡಿದರೂ ಮಂಜಿನ ದೃಶ್ಯಗಳಿಗೆ ಬೇರೆ ರೋಲ್ ಇಡಿ, ಸಮಯ ಹೆಚ್ಚಿಸಿದರೆ ಅದು ಇಡೀ ರೋಲ್‌ಗೆ ಅನ್ವಯಿಸುತ್ತದೆ, ಅಲ್ವಾ?